ನಡುಗದ ಸಹಿ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಲಿಫ್ಟ್ ಕಸುಬಿನವರ ಬಾಯಲ್ಲಿ ಮಾತ್ರ ಅವನು ನಡುಕಪ್ಪ. ಹೆದರುಪುಕ್ಕಲ ಅಂತಲ್ಲ ಮತ್ತೆ. ಹೆದರುಪುಕ್ಕಲನಾಗಿದ್ದರೆ ಲಿಫ್ಟಿನ ನೆತ್ತಿಯ ಮೇಲೆ ನಿಂತು, ಬಾವಿಯಂಥ ಕತ್ತಲೆಯಲ್ಲಿ ಉಕ್ಕಿನ ಹಗ್ಗ ಸವರಿ ನೋಡುವ ಕೆಲಸಕ್ಕೆ ಹೋಗುತ್ತಿದ್ದನೇ? ನಡುಗುತ್ತಿದ್ದದ್ದು ಅವನ ಸಹಿ. ಯಾವ ಲಿಫ್ಟನ್ನು ಪರೀಕ್ಷೆ ಮಾಡಿದರೂ ಕೊನೆಗೆ ತಾನೊಬ್ಬನೇ ಅದರೊಳಗೆ ಹತ್ತಿ, ಬಾಗಿಲು ಹಾಕಿಕೊಂಡು, ಮೇಲಿನ ಮಹಡಿಯಿಂದ ಕೆಳಗೆ ಇಳಿಯುತ್ತಾ, ಪ್ರಮಾಣಪತ್ರವನ್ನು ಲಿಫ್ಟಿನ ಗೋಡೆಗೆ ಒತ್ತಿ ಹಿಡಿದು ಅಲ್ಲೇ ಸಹಿ ಹಾಕುತ್ತಿದ್ದ. ಓಡುವ ಲಿಫ್ಟಿನಲ್ಲಿ ಹಾಕಿದ ಸಹಿ ನೆಟ್ಟಗಿರುತ್ತದೆಯೇ? ಅಕ್ಷರಗಳೆಲ್ಲ ಚಳಿ ಹಿಡಿದವರ ಹಾಗೆ ಕಾಣುತ್ತಿದ್ದವು.

"ಇಳಿದು ಬಂದು ಮೇಜಿನ ಮೇಲೆ ಹಾಕಬಾರದೇನಯ್ಯಾ?" ಅಂತ ಜೊತೆಯವರು ಕೀಟಲೆ ಮಾಡುತ್ತಿದ್ದರು.

"ಇಳಿದು ಬಂದ ಮೇಲೆ ಯಾರು ಬೇಕಾದರೂ ಧೈರ್ಯವಾಗಿ ಸಹಿ ಹಾಕ್ತಾರೆ" ಅನ್ನುತ್ತಿದ್ದ. ಜಾಸ್ತಿ ಮಾತಿನ ಗಿರಾಕಿಯಲ್ಲ.

ಆಮೇಲೆ ಕಾಲ ಬದಲಾಯಿತು. ಕಾಗದದ ಪ್ರಮಾಣಪತ್ರ ನಡೆಯುವುದಿಲ್ಲ, ಇನ್ನು ಮುಂದೆ ಡಿಜಿಟಲ್ ಸಹಿಯೇ ಆಗಬೇಕು ಅಂತ ಮೇಲಿನಿಂದ ಆಜ್ಞೆ ಬಂತು. ಪರೀಕ್ಷಕರ ಕಂಪನಿಯ ಆಫೀಸು ನೋಡಿಕೊಳ್ಳುತ್ತಿದ್ದವನು ನಡುಕಪ್ಪನ ಭಾವಮೈದ, ಹೆಂಡತಿಯ ತಮ್ಮ. ನಗುಮುಖದವನು, ಮಾತಿನ ಮಲ್ಲ. ಕಂಪ್ಯೂಟರಿಗೆ ಚುಚ್ಚುವ ಬೆರಳುದ್ದದ ಒಂದು ಟೋಕನ್ ಹಿಡಿದುಕೊಂಡು ಭಾವನಿಗೆ ಪಾಠ ಶುರು ಮಾಡಿದ.

"ನೋಡು ಭಾವ, ಇದರ ಹೊಟ್ಟೆಯಲ್ಲಿ ಒಂದು ಗುಟ್ಟಿನ ಕೀಲಿ ಇದೆ. ಜಗತ್ತಿನಲ್ಲಿ ಅಂಥದ್ದು ಒಂದೇ, ಇದರಿಂದ ಆಚೆ ಬರೋದೇ ಇಲ್ಲ. ಅದಕ್ಕೆ ಜೋಡಿ ಇನ್ನೊಂದು ಕೀಲಿ ಇದೆ, ಅದನ್ನ ಊರಿಗೆಲ್ಲ ಹಂಚಿಬಿಡೋದು. ಪ್ರಮಾಣಪತ್ರದ ಅಕ್ಷರ ಅಕ್ಷರವನ್ನೂ ಕಂಪ್ಯೂಟರು ಅರೆದು ಒಂದು ಸಣ್ಣ ಗುರುತು ಮಾಡುತ್ತೆ. ಆ ಗುರುತಿನ ಮೇಲೆ ನಿನ್ನ ಗುಟ್ಟಿನ ಕೀಲಿ ತಿರುಗಿದರೆ ಅದೇ ಸಹಿ. ಯಾರು ಬೇಕಾದರೂ ಊರ ಕೀಲಿ ಇಟ್ಟು ನೋಡಬಹುದು: ಇದು ಇವನದ್ದೇ ಟೋಕನ್ನಿಂದ ಬಂದಿದ್ದಾ, ಆಮೇಲೆ ಯಾರಾದರೂ ಒಂದು ಚುಕ್ಕೆಯನ್ನಾದರೂ ತಿದ್ದಿದಾರಾ ಅಂತ. ತಿದ್ದಿದ್ದರೆ ಸಹಿ ಮುರಿದುಬೀಳುತ್ತೆ. ನಕಲು ಮಾಡೋಕೆ ಬ್ರಹ್ಮನಿಗೂ ಆಗಲ್ಲ!"

"ನಡುಗುತ್ತಾ?"

"ಏನು?"

"ಸಹಿ."

ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ನಡುಗಲ್ಲ ಭಾವ. ಇನ್ನು ಮೇಲೆ ನೀನು ನಡುಕಪ್ಪ ಅಲ್ಲ."

ಟೋಕನ್ನಿನ ಅರ್ಜಿಯೂ ಹೇಗೆ ಹೋಗಿತ್ತು ಅಂತೀರಿ? ನಡುಕಪ್ಪ ಯಾವುದೋ ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ ಭಾವಮೈದ ಜೊತೆಗೆ ಹತ್ತಿಕೊಂಡು ಕಾಗದ ಮುಂದೆ ಹಿಡಿದ, ಇವನು ಅದರಲ್ಲೇ ಗೀಚಿಕೊಟ್ಟ. ಏನು ಬರೆದಿದೆ ಅಂತ ಓದಲೂ ಇಲ್ಲ. ಮನೆಯವನು ತಾನೇ, ಹೆಂಡತಿಯ ಒಡಹುಟ್ಟಿದವನು!

ಟೋಕನ್ ಒಂದು ದಿನವೂ ಅವನ ಜೇಬಿಗೆ ಬರಲಿಲ್ಲ. ಆಫೀಸಿನ ಪದ್ಧತಿಯೇ ಹಾಗಿತ್ತು. ಭಾವಮೈದನ ಮೇಜಿನ ಮೇಲೆ ಕಂಪ್ಯೂಟರಿಗೆ ಜೋಡಿಸಿದ ಒಂದು ಉದ್ದನೆಯ ಪಟ್ಟಿ, ಅದಕ್ಕೆ ಸಾಲಾಗಿ ಪರೀಕ್ಷಕರೆಲ್ಲರ ಟೋಕನ್ನುಗಳು ಚುಚ್ಚಿಕೊಂಡಿರುತ್ತಿದ್ದವು, ಒಂದೊಂದರ ಬೆನ್ನಿಗೂ ಹೆಸರಿನ ಚೀಟಿ. ಪರೀಕ್ಷಕರು ಕೆಲಸ ಮುಗಿಸಿ ಫೋನಿನಲ್ಲಿ "ಪಾಸು" ಅಂತಲೋ "ಫೇಲು" ಅಂತಲೋ ಹೇಳುವುದು, ಭಾವಮೈದ ಸಂಜೆ ಎಲ್ಲರ ಪಿನ್ನೂ ಒತ್ತಿ, ಎಲ್ಲರ ಸಹಿಯನ್ನೂ ಒಂದೇ ಸಲಕ್ಕೆ ಹಾಕಿ ಮುಗಿಸುವುದು. ಕಂಪ್ಯೂಟರ್ ಕಂಡರೆ ಮೈಲಿ ದೂರ ಓಡುವ ನಡುಕಪ್ಪನಿಗೆ ಇದು ಆರಾಮವೇ ಆಯಿತು. ಲಿಫ್ಟು ಹತ್ತಿ ಇಳಿಯುವುದನ್ನು ಮಾತ್ರ ಬಿಡಲಿಲ್ಲ. ಕೈಯಲ್ಲಿ ಪೆನ್ನಿಲ್ಲದೆ, ಬರಿಗೈಯಲ್ಲಿ ಇಳಿದು ಬರುವಾಗ ಏನೋ ಮರೆತ ಹಾಗಾಗುತ್ತಿತ್ತು, ಅಷ್ಟೇ.

ಹೀಗೆ ವರ್ಷಗಳು ಉರುಳಿದವು. ಒಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮುಖ ಊದಿಸಿಕೊಂಡಿದ್ದಳು. ಅವಳು ಪೇಟೆಯ ಒಂದು ಹಳೆಯ ಕಟ್ಟಡದ ಏಳನೇ ಮಹಡಿಯಲ್ಲಿ, ಹೊಲಿಗೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುವವಳು.

"ಏನಾಯ್ತೇ?"

"ಏನಿಲ್ಲ. ದೊಡ್ಡ ಮನುಷ್ಯರು ನಮ್ಮ ಕಟ್ಟಡಕ್ಕೆ ಬಂದು ಹೋಗ್ತಾರೆ, ಏಳನೇ ಮಹಡಿಯಲ್ಲಿ ಕಟ್ಟಿಕೊಂಡ ಹೆಂಡತಿ ಇದ್ದಾಳೆ, ಮುಖ ತೋರಿಸಿ ಹೋಗೋಣ ಅಂತ ಮಾತ್ರ ಅನಿಸಲ್ಲ."

"ನಾನ್ಯಾವಾಗ ಬಂದಿದ್ದೆ?"

"ನಾಟಕ ಬೇಡ. ಲಿಫ್ಟೊಳಗೆ ಗಾಜಿನ ಚೌಕಟ್ಟಲ್ಲಿ ನಿಮ್ಮ ಹೆಸರು ಹಾಕಿದಾರೆ. ನೋಡಿ ಎಷ್ಟು ಖುಷಿಯಾಯ್ತು ಗೊತ್ತಾ ನಂಗೆ? ನೀವೇ ಬಂದು ಹೇಳ್ತೀರೇನೋ ಅಂತ ಇಷ್ಟು ದಿನ ಕಾದೆ." ಅವಳ ಸಿಟ್ಟು ಅರ್ಧ ಕರಗಿ ನಗುವಾಯಿತು. "ಹುಟ್ಟಿದಾಗಿಂದ ಲಿಫ್ಟು ಅಂದ್ರೆ ಎದೆ ಡವಡವ ಅಂತಿದ್ದವಳು ನಾನು. ಈ ಮಂಡಿ ನೋವಲ್ಲೂ ಏಳು ಮಹಡಿ ಹತ್ತಿ ಸಾಯ್ತಿದ್ದೆ. ನಿಮ್ಮ ಹೆಸರು ನೋಡಿದ ಮೇಲೆ ಧೈರ್ಯ ಬಂತು. ಈಗ ದಿನಾ ಅದರಲ್ಲೇ. ನಮ್ಮ ಹೆಂಗಸರಿಗೆಲ್ಲ ಹೇಳಿದೀನಿ, ನಮ್ಮ ಯಜಮಾನ್ರು ನೋಡಿರೋ ಲಿಫ್ಟು, ಕಣ್ಣು ಮುಚ್ಕೊಂಡು ಹತ್ತಿ ಅಂತ."

ನಡುಕಪ್ಪನ ತುತ್ತು ಕೈಯಲ್ಲೇ ಉಳಿಯಿತು. ತಾನು ಮುಟ್ಟಿದ ಒಂದೊಂದು ಲಿಫ್ಟಿನ ಜಾತಕವೂ ಅವನ ತಲೆಯಲ್ಲಿತ್ತು. ಆ ಕಟ್ಟಡದ ಮೆಟ್ಟಿಲನ್ನೂ ಅವನು ತುಳಿದಿರಲಿಲ್ಲ.

ಮಾರನೇ ದಿನ ಅವಳ ಜೊತೆಗೇ ಹೊರಟ. ಕಟ್ಟಡದ ಉಸ್ತುವಾರಿ ನೋಡುವವನು, ಬೀಗದ ಕೈಗಳ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ದಪ್ಪನೆಯ ಮನುಷ್ಯ, ಹೆಂಡತಿ ಗುರುತು ಹೇಳಿದ ಕೂಡಲೇ "ಬನ್ನಿ ಸಾರ್" ಅಂತ ಹಲ್ಲು ಕಿರಿದ. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಗಾಜಿನ ಹಿಂದೆ ಅವನ ಹೆಸರು, ಪರವಾನಗಿ ನಂಬರು, "ಸುರಕ್ಷಿತ" ಅನ್ನುವ ಮಾತು, ಮೂಲೆಯಲ್ಲಿ ಕಪ್ಪು ಬಿಳುಪಿನ ಕ್ಯೂಆರ್ ಕೋಡು. ಎಲ್ಲವೂ ನೀಟು.

ಹೆಂಡತಿಯನ್ನು ಹೊರಗೇ ನಿಲ್ಲಿಸಿ ಒಬ್ಬನೇ ಹತ್ತಿದ. ಮೇಲೆ ಹೋಗುವಾಗ ಮೋಟಾರಿನ ಕಡೆಯಿಂದ ಕಮರು ವಾಸನೆ. ಏಳನೇ ಮಹಡಿಯಲ್ಲಿ ಬಾಗಿಲು ತೆಗೆದಾಗ ಲಿಫ್ಟು ನೆಲಕ್ಕಿಂತ ಒಂದು ಗೇಣು ಕೆಳಗೆ ನಿಂತಿತ್ತು. ಅಲ್ಲಿ ಕಾದಿದ್ದ ಇಬ್ಬರು ಹೆಂಗಸರು ಹೊಸಿಲು ಇಳಿಯುವಷ್ಟು ಸಲೀಸಾಗಿ ಕಾಲು ತಗ್ಗಿಸಿ ಒಳಗೆ ಬಂದರು. ದಿನಾ ಹೀಗೆಯೇ ಅಂತ ಆ ಕಾಲುಗಳೇ ಹೇಳುತ್ತಿದ್ದವು. ಕೆಳಗೆ ಬಂದಾಗ ಮೂವರ ಭಾರಕ್ಕೆ ಲಿಫ್ಟು ಇನ್ನೂ ಕೆಳಗೆ ಜಾರಿ ನಿಂತಿತು. ಬ್ರೇಕಿನ ಪಟ್ಟಿ ಸವೆದು ಹೋಗಿದೆ, ಇನ್ನು ಹಿಡಿಯುವುದಿಲ್ಲ. ಹೆಂಗಸರನ್ನು ಇಳಿಸಿ ಉಸ್ತುವಾರಿಯ ಕಡೆ ಬಂದ.

"ಈಗಲೇ ನಿಲ್ಲಿಸಿ ಇದನ್ನ" ಅಂದ.

"ಯಾಕೆ ಸಾರ್? ನೀವೇ ಪಾಸ್ ಮಾಡಿದೀರಲ್ಲ."

"ನಾನು ಮಾಡಿಲ್ಲ. ಈ ಕಟ್ಟಡಕ್ಕೆ ಬಂದಿರೋದೇ ಇವತ್ತು."

ಉಸ್ತುವಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೊಬೈಲು ತೆಗೆದು ಕೋಡಿಗೆ ಹಿಡಿದ. ಪರದೆಯ ಮೇಲೆ ಹಸಿರು ಗುರುತು ಮೂಡಿತು: ಸಹಿ ನಿಜವಾದದ್ದು, ದಾಖಲೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ.

"ಇಲ್ಲಿ ನೋಡಿ. ನಿಮ್ಮದೇ ಅಂತಿದೆ."

"ನಾನೇ ಎದುರಿಗೆ ನಿಂತು ಹೇಳ್ತಿದೀನಲ್ಲಪ್ಪಾ, ನಂದಲ್ಲ ಅಂತ!"

"ನೀವು ಹೇಳ್ತೀರಿ ಸಾರ್. ಇದು ಹಸಿರು ತೋರಿಸ್ತಿದೆ." ಪಾಪ, ಅವನು ಒರಟಾಗಿ ಹೇಳಲಿಲ್ಲ. "ನಿಮ್ಮ ಬಾಯಿ ಮಾತು ಕೇಳಿ ನಿಲ್ಲಿಸಿದ್ರೆ ಮಾಲೀಕರು ನನ್ನ ಚರ್ಮ ಸುಲೀತಾರೆ. ಇದರಲ್ಲಿ ಕೆಂಪು ಬರಲಿ, ಆ ಕ್ಷಣವೇ ನಿಲ್ಲಿಸ್ತೀನಿ. ಗಳಿಗೆಗೊಂದು ಸಲ ನೋಡ್ತಾ ಇರ್ತೀನಿ, ಆಣೆ."

ಲೋಕ ಎಲ್ಲಿಗೆ ಬಂತು ನೋಡಿ! ಮನುಷ್ಯ ಎದುರಿಗೆ ಜೀವಂತ ನಿಂತಿದ್ದಾನೆ, ಅವನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ನಡುಕಪ್ಪ ಹೆಂಡತಿಯ ಕಡೆ ತಿರುಗಿದ. "ಮೆಟ್ಟಿಲಲ್ಲಿ ಹೋಗು. ಉಳಿದವರಿಗೂ ಹೇಳು." ಅವಳು ಅವನ ಮುಖ ನೋಡಿ ಕಂಬಿ ಹಿಡಿದು ಹತ್ತತೊಡಗಿದಳು. ಸಂಜೆ ಪಾಳಿ ಬಿಟ್ಟಾಗ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ, ಲಿಫ್ಟು ಕಾಲಿಡಲು ಜಾಗವಿಲ್ಲದಷ್ಟು ತುಂಬುತ್ತದೆ. ಅಷ್ಟರೊಳಗೆ ಕೆಂಪು ಬರಬೇಕು. ಇಲ್ಲದಿದ್ದರೆ ಅವಳ ಮಾತು ನಂಬಿದವರೆಲ್ಲ ಆ ಬ್ರೇಕಿನ ಪಾಲು.

ಆಫೀಸಿನಲ್ಲಿ ಭಾವಮೈದ ಮೊದಲು ನಕ್ಕ, ಆಮೇಲೆ ನಕ್ಕಂತೆ ಮಾಡಿದ, ಆಮೇಲೆ ಬಾಗಿಲು ಹಾಕಿಬಂದ.

"ಆ ಕಟ್ಟಡದ ಮಾಲೀಕರಿಗೆ ಅವಸರ ಇತ್ತು ಭಾವ. ನೀನು ಅವತ್ತು ಬೇರೆ ಕಡೆ ಇದ್ದೆ. ಆಮೇಲೆ ಕಳಿಸಿದ್ರಾಯ್ತು ಅಂದುಕೊಂಡೆ, ಮರೆತೇ ಹೋಯ್ತು."

"ನಿನ್ನ ಅಕ್ಕ ಅದೇ ಕಟ್ಟಡದಲ್ಲಿ ಕೆಲಸ ಮಾಡ್ತಾಳೆ ಅಂತ ಗೊತ್ತಿರಲಿಲ್ವೇನೋ?"

ಭಾವಮೈದ ಕಂಪ್ಯೂಟರಿನ ಪರದೆಯ ಕಡೆ ತಿರುಗಿದ. "ಗೊತ್ತಿತ್ತು. ಆದರೆ ಅಕ್ಕ ಲಿಫ್ಟು ಹತ್ತಲ್ಲವಲ್ಲ ಭಾವ."

"ಹತ್ತುತ್ತಾಳೆ" ಅಂದ ನಡುಕಪ್ಪ. "ನನ್ನ ಹೆಸರು ನೋಡಿ, ದಿನಾ ಹತ್ತುತ್ತಾಳೆ."

ಭಾವಮೈದನ ಮುಖ ಸುಣ್ಣ ಬಳಿದ ಗೋಡೆಯಾಯಿತು.

ನಡುಕಪ್ಪ ಟೋಕನ್ನುಗಳ ಪಟ್ಟಿಯ ಮುಂದೆ ಕೂತ. ಆ ಲಿಫ್ಟು ಫೇಲು ಅಂತ ತಾನೇ ಒಂದು ಹೊಸ ಪ್ರಮಾಣಪತ್ರಕ್ಕೆ ಸಹಿ ಹಾಕಿಬಿಟ್ಟರೆ ಕೆಲಸ ಮುಗಿಯಿತು. ಟೋಕನ್ ಬಂದಾಗ ತನಗೆ ಹೇಳಿದ್ದ ಪಿನ್ ಒತ್ತಿದ. ತಪ್ಪು. ಇನ್ನೊಮ್ಮೆ ಒತ್ತಿದ. ತಪ್ಪು.

"ಎಲ್ಲರದ್ದೂ ಬದಲಾಯಿಸಿ ಒಂದೇ ಮಾಡಿದೀನಿ" ಅಂದ ಭಾವಮೈದ. "ಇನ್ನೊಂದು ಸಲ ತಪ್ಪಿದ್ರೆ ಟೋಕನ್ ಬೀಗ ಹಾಕ್ಕೊಳ್ಳುತ್ತೆ."

"ಹೇಳು ಪಿನ್ನು."

"ಹೇಳಲ್ಲ. ನೀನು ಫೇಲು ಅಂತ ಹಾಕಿದ್ರೆ ಮೊದಲನೇದು ಹೇಗೆ ಪಾಸಾಯ್ತು ಅಂತ ಕೇಳ್ತಾರೆ. ನಾನು ಒಳಗೆ ಹೋಗ್ತೀನಿ, ನನ್ನ ಜೊತೆ ನೀನೂ." ಅವನು ಕೈ ಹಿಡಿದುಕೊಂಡ. "ಬೇರೆ ದಾರಿ ಇದೆ. ಟೋಕನ್ ಕಳೆದುಹೋಯ್ತು ಅಂತ ಬರೆದುಕೊಟ್ಟು ಸಹಿ ರದ್ದು ಮಾಡಿಸು. ನಿನ್ನೆ ಕಳೀತು ಅನ್ನು. ನಮ್ಮ ಮೇಲೆ ಏನೂ ಬರಲ್ಲ. ಬ್ರೇಕನ್ನ ಮುಂದಿನ ವಾರ ನಾನೇ ಸರಿ ಮಾಡಿಸ್ತೀನಿ, ಅಕ್ಕನ ಮೇಲಾಣೆ."

ತನ್ನ ಸಹಿಗೆ ತಾನೇ ಹೊರಗಿನವನಾಗಿ, ನಡುಕಪ್ಪ ಎದ್ದು ಹೊರಟ.

ಸಹಿಗಳನ್ನು ಕೊಡುವ, ರದ್ದು ಮಾಡುವ ಕಚೇರಿ ಐದನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿಯೇ ಹೋದ. ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅಲ್ಲಿದ್ದ ಅಧಿಕಾರಿಣಿ ನಡುವಯಸ್ಸಿನವಳು, ಮೇಜಿನ ಮೇಲೆ ಬಿಸಿನೀರಿನ ಬಾಟಲಿ, ಕುತ್ತಿಗೆಗೆ ಶಾಲು. ಅವನ ಕಥೆಯನ್ನು ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿದಳು.

"ಸಹಿ ಸುಳ್ಳಲ್ಲ ಅಂತ ಮೊದಲು ತಿಳ್ಕೊಳ್ಳಿ" ಅಂದಳು. "ನಿಮ್ಮ ಕೀಲಿಯಿಂದಲೇ ಆಗಿದೆ. ಕೀಲಿ ತಿರುಗಿಸಿದ ಕೈ ಯಾರದ್ದು ಅನ್ನೋದು ಅದಕ್ಕೆ ಗೊತ್ತಾಗಲ್ಲ. ಅದಕ್ಕೇ ಟೋಕನ್ನನ್ನ ಹೆತ್ತ ತಾಯಿಗೂ ಕೊಡಬೇಡಿ ಅಂತ ಬಡ್ಕೋತೀವಿ. ಸರಿ, ರದ್ದು ಮಾಡೋಣ. ಕೀಲಿ ನಿಮ್ಮ ಕೈ ತಪ್ಪಿದ್ದು ಯಾವತ್ತಿಂದ?"

ಅವನು ತಡವರಿಸಿದ. "ಅದು ಯಾಕೆ ಬೇಕು?"

"ಅದೇ ಮುಖ್ಯ. ಒಂದೊಂದು ಸಹಿಗೂ ಅದು ಬಿದ್ದ ಗಳಿಗೆಯ ಮುದ್ರೆ ಇರುತ್ತೆ. ನಿನ್ನೆಯಿಂದ ಅಂದ್ರೆ ನಿನ್ನೆಗಿಂತ ಹಿಂದಿನವೆಲ್ಲ ಹಸಿರಾಗೇ ಉಳೀತವೆ. ನೀವು ಹೇಳ್ತಿರೋ ಲಿಫ್ಟಿನದ್ದೂ. ಮೊದಲಿಂದ ಅಂದ್ರೆ ನಿಮ್ಮ ಹೆಸರಲ್ಲಿರೋ ಪ್ರತಿಯೊಂದೂ ಕೆಂಪಾಗುತ್ತೆ. ನೀವು ನಿಜವಾಗಿ ನೋಡಿ ಪಾಸ್ ಮಾಡಿದ್ದೂ ಸೇರಿ. ಆಮೇಲೆ ನಿಮಗೆ ಲೈಸೆನ್ಸ್ ಇರಲ್ಲ. ವಿಚಾರಣೆ ತಪ್ಪಲ್ಲ."

ಭಾವಮೈದ ತೋರಿಸಿದ ದಾರಿ ಎಂಥದ್ದು ಅಂತ ಆಗ ಅರ್ಥವಾಯಿತು. ಕಸುಬು ಒಂದನ್ನು ಬಿಟ್ಟರೆ ಅವನಿಗೆ ಇನ್ನೇನು ಬರುತ್ತಿತ್ತು? ಆದರೂ ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು, ಪಾಳಿ ಬಿಡುವ ಹೊತ್ತಾಗುತ್ತಿತ್ತು.

"ಮೊದಲ ದಿನದಿಂದ" ಅಂದ ಕಡ್ಡಿ ಮುರಿದಂತೆ. "ಅದು ನನ್ನ ಕೈಗೆ ಬಂದೇ ಇಲ್ಲ."

ಅವಳು ಒಂದು ಕಾಗದ ಮುಂದೆ ತಳ್ಳಿದಳು. ಟೋಕನ್ ಕೈಯಲ್ಲಿಲ್ಲದವನು ಪೆನ್ನಲ್ಲೇ ಸಹಿ ಹಾಕಬೇಕು. ಮೇಜಿನ ಮೇಲೆ ಕಾಗದವಿಟ್ಟು ಹಾಕಿದ. ಅವಳು ಹಳೆಯ ಅರ್ಜಿಯನ್ನು ಪರದೆಯ ಮೇಲೆ ತೆರೆದು ಎರಡನ್ನೂ ನೋಡಿದಳು, ಹುಬ್ಬು ಗಂಟಾಯಿತು.

"ಹೊಂದ್ತಿಲ್ಲ. ಅದರಲ್ಲಿ ಅಕ್ಷರ ಎಲ್ಲ ಒದ್ದಾಡ್ತಿವೆ, ಇದು ನೆಟ್ಟಗಿದೆ. ನಿಮ್ಮ ಮುಖ ಸರಿ, ಗುರುತಿನ ಚೀಟಿ ಸರಿ. ಆದರೆ ಸಹಿ ಹೊಂದದೆ ನಾನು ಗುಂಡಿ ಒತ್ತಿದ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ."

ಇನ್ನೊಂದು ಹಾಕಿದ. ಬೇಕಂತಲೇ ನಡುಗಿಸಿದ, ಸುಳ್ಳು ನಡುಕ ಎದ್ದು ಕಾಣುತ್ತಿತ್ತು. ಫೋನು ಹೊಡೆದುಕೊಂಡಿತು. ಹೆಂಡತಿ. "ರೀ, ಇನ್ನೇನು ಬಿಡೋ ಹೊತ್ತು. ಒಬ್ಬರೂ ನನ್ನ ಮಾತು ಕೇಳ್ತಿಲ್ಲ. ನೀನೇ ತಾನೇ ಹತ್ತಿಸಿದ್ದು, ಈಗೇನು ವರಸೆ ಅಂತ ನಗ್ತಿದಾರೆ. ಬೇಗ ಏನಾದರೂ ಮಾಡಿ!"

"ಅಮ್ಮಾ, ಒಂದು ನಿಮಿಷ ನನ್ನ ಜೊತೆ ಬನ್ನಿ" ಅಂತ ಅವನು ಅಧಿಕಾರಿಣಿಯನ್ನು ಹೊರಗೆ ಕರೆದುಕೊಂಡು ಹೋದ. ಕಚೇರಿಯ ಲಿಫ್ಟಿನ ಗುಂಡಿ ಒತ್ತಿದ. "ನಾನು ಸಹಿ ಹಾಕೋದು ಲಿಫ್ಟು ಇಳಿಯುವಾಗ. ನೀವೇ ಕಣ್ಣಾರೆ ನೋಡಿ."

ಬಾಗಿಲು ತೆರೆಯಿತು. ಅವಳ ಜೊತೆ ಒಳಗೆ ಕಾಲಿಟ್ಟು, ಕಾಗದವನ್ನು ಗೋಡೆಗೆ ಒತ್ತಲು ಕೈ ಎತ್ತಿದವನು ಹಾಗೆಯೇ ನಿಂತ. ಕೈಯ ಪಕ್ಕದಲ್ಲಿ ಗಾಜಿನ ಚೌಕಟ್ಟು, ಅದರಲ್ಲಿ ಅವನ ಹೆಸರು, "ಸುರಕ್ಷಿತ" ಅನ್ನುವ ಮಾತು. ಈ ಲಿಫ್ಟನ್ನೂ ಅವನು ಜನ್ಮದಲ್ಲಿ ನೋಡಿರಲಿಲ್ಲ.

ಲಿಫ್ಟು ಅಲ್ಲಾಡುವ ಮೊದಲೇ ಅವನ ಕೈ ಅದುರತೊಡಗಿತು. ಹಾಗೇ ಹಾಕಿದ. ಅಕ್ಷರಗಳು ಹಳೆಯ ಸಹಿಯ ಒಡಹುಟ್ಟಿದವು ಅನ್ನುವ ಹಾಗಿದ್ದವು. ಅಧಿಕಾರಿಣಿ ಕಾಗದ ನೋಡಿದಳು, ಚೌಕಟ್ಟು ನೋಡಿದಳು, ಮೆಲ್ಲಗೆ ಹಿಂದಕ್ಕೆ ಹೆಜ್ಜೆಯಿಟ್ಟು ಲಿಫ್ಟಿನಿಂದ ಹೊರಗೆ ಬಂದಳು. ಸೀದಾ ಕಂಪ್ಯೂಟರಿನ ಮುಂದೆ ಹೋಗಿ ಗುಂಡಿ ಒತ್ತಿದಳು.

ನಡುಕಪ್ಪ ಮೆಟ್ಟಿಲಿಳಿದು, ಸಿಕ್ಕ ಗಾಡಿ ಹಿಡಿದು ಹೊಲಿಗೆ ಕಾರ್ಖಾನೆಯ ಕಟ್ಟಡಕ್ಕೆ ಬಂದಾಗ ಜೀವ ಬಾಯಿಗೆ ಬಂದಿತ್ತು. ಆದರೆ ಉಸ್ತುವಾರಿ ಮಾತಿಗೆ ತಪ್ಪಿರಲಿಲ್ಲ. "ಕೆಂಪು ಬಂತು ಸಾರ್. ಬಂದ ಕ್ಷಣವೇ ಜನ ಹತ್ತೋದು ಬಂದ್ ಮಾಡಿಸಿದೆ." ಹೆಂಗಸರು ಗೊಣಗುತ್ತಾ, ಬೈಯುತ್ತಾ ಮೆಟ್ಟಿಲಲ್ಲಿ ಇಳಿದು ಬರುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಹೆಂಡತಿ, ಒಂದು ಕೈ ಕಂಬಿಯ ಮೇಲೆ, ಒಂದು ಕೈ ಮಂಡಿಯ ಮೇಲೆ. ಅವಳನ್ನು ಕಂಡು ಅವನಿಗೆ ಕೂತು ಅಳಬೇಕು ಅನ್ನಿಸಿತು.

"ಲಿಫ್ಟು ಎಲ್ಲಿ ನಿಲ್ಲಿಸಿದೀಯ?" ಅಂತ ಕೇಳಿದ.

"ಬರ್ತಾ ಇದೆ ಸಾರ್. ಬಟ್ಟೆ ಸುರುಳಿಗಳು ಉಳಿದಿದ್ವು. ಮನುಷ್ಯರಲ್ಲವಲ್ಲ, ಇದೊಂದು ಸಲ ಇಳಿಸಿ ಬೀಗ ಹಾಕೋಣ ಅಂತ—"

ಲಿಫ್ಟಿನ ಗೂಡಿನೊಳಗೆ ಕೀರಲು ಸದ್ದು ಶುರುವಾಯಿತು. ಬಾಗಿಲ ಮೇಲಿನ ಅಂಕಿ ಮೂರು ತೋರಿಸಿತು, ಎರಡು, ಒಂದು. ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ನೆಲದ ಕೆಳಗಿನಿಂದ ಬಂದ ಏಟಿಗೆ ಗೋಡೆಯ ಗಾರೆ ಉದುರಿತು, ಬಾಗಿಲ ಸಂದಿಯಿಂದ ಧೂಳು ನುಗ್ಗಿ ಬಂತು. ಗೊಣಗುತ್ತಿದ್ದ ಹೆಂಗಸರಲ್ಲಿ ಒಬ್ಬಳು ಹೆಂಡತಿಯ ಸೆರಗು ಹಿಡಿದುಕೊಂಡು ಅಲ್ಲೇ ಕುಸಿದಳು.

ಧೂಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಉಸ್ತುವಾರಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಹೆಂಡತಿ ನಡುಕಪ್ಪನ ಹತ್ತಿರ ಬಂದಳು.

"ಇನ್ನೆಲ್ಲೆಲ್ಲಿ ಇದೆ ರೀ, ನಿಮ್ಮ ಹೆಸರು?"

"ಗೊತ್ತಿಲ್ಲ." ಲಿಫ್ಟಿನ ವಿಷಯದಲ್ಲಿ ಅವನ ಬಾಯಿಂದ ಆ ಮಾತು ಯಾವತ್ತೂ ಬಂದಿರಲಿಲ್ಲ.

"ಎಲ್ಲಾ ಕಡೆ ಕೆಂಪು ಬಂದಿರುತ್ತಲ್ಲ? ಎಲ್ಲರೂ ನಿಲ್ಲಿಸಿರ್ತಾರಲ್ಲ?"

ಅವನು ಉಸ್ತುವಾರಿಯ ಕೈಯಲ್ಲಿದ್ದ ಮೊಬೈಲು ನೋಡಿದ. ಈ ಮನುಷ್ಯ ಆಣೆ ಇಟ್ಟಿದ್ದ, ಗಳಿಗೆಗೊಂದು ಸಲ ನೋಡಿದ್ದ. ಬೇರೆ ಕಟ್ಟಡಗಳಲ್ಲಿ ಆ ಕೋಡಿಗೆ ಮೊಬೈಲು ಹಿಡಿಯುವವರು ಯಾರು?

"ಕೆಂಪು ಬರೋದು ನೋಡಿದವರಿಗೆ ಮಾತ್ರ ಕಣೇ" ಅಂದ. "ನೋಡದೇ ಇದ್ದವರಿಗೆ ಗೋಡೆ ಮೇಲೆ ನನ್ನ ಹೆಸರಷ್ಟೇ ಕಾಣೋದು."

ಅವಳು ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಒಂದು ಕೈಯಿಂದ ಅವನ ರಟ್ಟೆ ಹಿಡಿದಳು. "ನಡೀರಿ ಮತ್ತೆ. ಪಕ್ಕದ ಕಟ್ಟಡದಿಂದ ಶುರು ಮಾಡೋಣ."

ಪಕ್ಕದ ಕಟ್ಟಡದಲ್ಲಿ ಆಫೀಸುಗಳು ಬಿಡುವ ಹೊತ್ತು. ಇಬ್ಬರೂ ಹೊಸಿಲು ದಾಟುವಾಗ ಲಿಫ್ಟಿನೊಳಗೆ ಜನ ಒತ್ತಿಕೊಂಡು ನಿಂತಿದ್ದರು, ಅವರ ತಲೆಗಳ ಹಿಂದೆ ಗಾಜಿನ ಚೌಕಟ್ಟೊಂದು ಹೊಳೆಯುತ್ತಿತ್ತು. ಅದರಲ್ಲಿ ಯಾರ ಹೆಸರಿದೆ ಅಂತ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಹೆಂಡತಿ ಕೈ ಬೀಸಿ ಕೂಗುತ್ತಾ ಕುಂಟು ಕಾಲಲ್ಲೇ ಓಡಿದಳು. ಒಳಗಿದ್ದವರಲ್ಲಿ ಯಾರೋ, ಜಾಗ ಇಲ್ಲಮ್ಮ, ಮುಂದಿನ ಸಲ ಬನ್ನಿ ಅಂತ ನಗುತ್ತಾ ಹೇಳಿ ಗುಂಡಿ ಒತ್ತಿದರು, ಬಾಗಿಲು ಮುಚ್ಚಿಕೊಂಡಿತು.